‘ರಚನೆಯಿಂದಾಗಿ’ ಎಂದರೆ ಉತ್ತರವಾಯಿತೇ?

ಹತ್ತನೇ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠ ಯೋಜನೆಗಳಲ್ಲಿ ಒಂದು ಕೋಷ್ಟಕ ತಪ್ಪದೆ ಇರುತ್ತದೆ. ಎಡಗಡೆ ವಜ್ರ, ಬಲಗಡೆ ಗ್ರಾಫೈಟ್. ಒಂದು ಕಠಿಣ, ಇನ್ನೊಂದು ಮೃದು. ಒಂದು ಅವಾಹಕ, ಇನ್ನೊಂದು ವಾಹಕ. ಒಂದರದು ಮೂರು ಆಯಾಮದ ರಚನೆ, ಇನ್ನೊಂದರದು ಪದರಗಳ ರಚನೆ. ಕೊನೆಯಲ್ಲಿ ‘ಗ್ರಾಫೈಟ್ ಮೃದುವಾಗಿರಲು ಕಾರಣವೇನು?’ ಎಂದು ಕೇಳುತ್ತೇವೆ. ‘ಅದರ ರಚನೆಯಿಂದಾಗಿ’ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ನಾವು ‘ಗುಡ್’ ಎಂದು ಮುಂದಕ್ಕೆ ಹೋಗುತ್ತೇವೆ. ಈ ಉತ್ತರಕ್ಕೆ ಅಂಕ ಕೊಡಬಾರದು ಎಂಬುದು ನನ್ನ ವಾದ. ಜ್ವರ ಏಕೆ ಬಂತು ಎಂದರೆ ಮೈ ಸರಿ ಇಲ್ಲದ್ದರಿಂದ ಎಂದ ಹಾಗೆ ಅದು. ತಪ್ಪೇನಲ್ಲ, ಆದರೆ ಏನನ್ನೂ ಹೇಳುವುದಿಲ್ಲ.

ಇದರ ಪರಿಣಾಮ ಅದೇ ಘಟಕದಲ್ಲಿಯೇ ಕಾಣುತ್ತದೆ. ಸಹವೇಲೆನ್ಸಿಯ ಸಂಯುಕ್ತಗಳ ದ್ರವನಬಿಂದು ಮತ್ತು ಕುದಿಯುವ ಬಿಂದು ಕಡಿಮೆ ಎಂದು ಹೇಳಿಕೊಡುತ್ತೇವೆ. ಮೀಥೇನ್ 111 ಕೆಲ್ವಿನ್‌ನಲ್ಲೇ ಕುದಿಯುತ್ತದೆ, ಅಡುಗೆ ಉಪ್ಪು ದ್ರವವಾಗಲು 1074 ಕೆಲ್ವಿನ್ ಬೇಕು. ಸರಿ. ಎರಡು ಪುಟ ದಾಟಿದರೆ ವಜ್ರ ಬರುತ್ತದೆ. ಬೋಧನಾಭ್ಯಾಸದ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: ‘ಮಿಸ್, ವಜ್ರದಲ್ಲೂ ಅದೇ ಬಂಧ ಅಲ್ವಾ? ಮತ್ತೆ ಅದ್ಯಾಕೆ ಅಷ್ಟು ಗಟ್ಟಿ?’ ಇಡೀ ಘಟಕದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ ಎನ್ನಬಹುದು. ಕೋಷ್ಟಕದಲ್ಲಿ ಇದಕ್ಕೆ ಉತ್ತರವಿಲ್ಲ.

ಪಠ್ಯಪುಸ್ತಕ ಹೇಳುವುದು ಅಣುಗಳ ನಡುವಿನ ಆಕರ್ಷಣೆ ದುರ್ಬಲ ಎಂದು. ನಮ್ಮ ಕಪ್ಪುಹಲಗೆಯ ಸಾರಾಂಶಕ್ಕೆ ಬರುವಷ್ಟರಲ್ಲಿ ‘ಅಣುಗಳ ನಡುವಿನ’ ಎಂಬುದು ಬಿದ್ದುಹೋಗಿ, ಬಂಧವೇ ದುರ್ಬಲ ಎಂಬಂತೆ ಮಕ್ಕಳ ಕಿವಿಗೆ ಬೀಳುತ್ತದೆ. ನೀರು ಕುದಿಯುವಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ಬೇರೆಯಾಗುತ್ತವೆ ಎಂದು ಬರೆಯುವ ಮಕ್ಕಳು ಹುಟ್ಟುವುದು ಇಲ್ಲಿಂದಲೇ. ಒಂದು ಮೋಲ್, ಅಂದರೆ 18 ಗ್ರಾಂ ಕುದಿಯುವ ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಸಾಕು. ಅದೇ ನೀರಿನ ಎಲ್ಲ ಆಕ್ಸಿಜನ್–ಹೈಡ್ರೋಜನ್ ಬಂಧಗಳನ್ನು ಮುರಿಯಲು 900 ಕಿಲೋಜೂಲ್‌ಗಿಂತ ಹೆಚ್ಚು ಬೇಕು. ಒಲೆಯ ಮೇಲಿನ ಪಾತ್ರೆಯಲ್ಲಿ ಆಗುವುದು ಮೊದಲನೆಯದು ಮಾತ್ರ.

ಸಂಖ್ಯೆ ಬೇಡವೆಂದರೆ ಕರ್ಪೂರ ಇದೆ. ಡಬ್ಬಿಯ ಮುಚ್ಚಳ ತೆಗೆದರೆ ಹಿಂದಿನ ಬೆಂಚಿನವರೆಗೂ ವಾಸನೆ ಹೋಗುತ್ತದೆ. ಮೂಗಿಗೆ ಬಂದದ್ದು ಕರ್ಪೂರದ ವಾಸನೆಯೇ. ಅಂದಮೇಲೆ ಬಂದಿರುವುದು ಇಡಿಯಾದ ಕರ್ಪೂರದ ಅಣು. ಅದು ಪಕ್ಕದ ಅಣುವನ್ನು ಬಿಟ್ಟು ಬಂದಿದೆ, ತನ್ನೊಳಗಿನ ಬಂಧವನ್ನು ಬಿಟ್ಟುಕೊಟ್ಟಿಲ್ಲ. ಬಿಸಿ ಮಾಡಿ ಆವಿಯನ್ನು ತಣ್ಣನೆಯ ಆಲಿಕೆಯ ಮೇಲೆ ಹಿಡಿದರೆ ಮತ್ತೆ ಕರ್ಪೂರವೇ ಸಿಗುತ್ತದೆ. ಈಗ ಒಂದು ತುಂಡಿಗೆ ಬೆಂಕಿ ಹಚ್ಚಿ. ಹೊಗೆ, ಮಸಿ. ಕರ್ಪೂರ ಇನ್ನಿಲ್ಲ, ಬಂಧಗಳು ಮುರಿದದ್ದು ಈಗ. ಎರಡು ರೂಪಾಯಿಯ ಸಾಮಗ್ರಿಯಲ್ಲಿ ಇಷ್ಟು ಆಗುವಾಗ ಥರ್ಮಾಕೋಲ್ ಚೆಂಡುಗಳ ಮಾದರಿಗೆ ನಾವೇಕೆ ರಾತ್ರಿಯೆಲ್ಲ ಕೂರುತ್ತೇವೋ ಗೊತ್ತಿಲ್ಲ.

ಕನ್ನಡ ಮಾಧ್ಯಮದಲ್ಲಿ ಇನ್ನೂ ಒಂದು ತೊಡಕಿದೆ. ಮಂಜುಗಡ್ಡೆಯೂ ‘ಕರಗುತ್ತದೆ’, ನೀರಿನಲ್ಲಿ ಸಕ್ಕರೆಯೂ ‘ಕರಗುತ್ತದೆ’. ಉಪ್ಪು ಸುಲಭವಾಗಿ ಕರಗುವುದಿಲ್ಲ ಎಂದು ನಾವು ಹೇಳಿದರೆ ಮಗು ಮನಸ್ಸಿನಲ್ಲೇ ನಗುತ್ತದೆ. ಸಾರಿಗೆ ಹಾಕಿದ ಉಪ್ಪು ಕ್ಷಣದಲ್ಲಿ ಕರಗಿದ್ದನ್ನು ಅದು ದಿನಾ ನೋಡಿದೆ. ಬಾಣಲೆಯಲ್ಲಿ ಹುರಿದರೂ ಕರಗದ ಉಪ್ಪು ನೀರಿನಲ್ಲಿ ಕರಗುವುದು ಹೇಗೆ ಎಂಬುದನ್ನೇ ಪ್ರಶ್ನೆಯಾಗಿ ಎತ್ತಿಕೊಂಡರೆ, ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದು ಎಳೆದುಕೊಳ್ಳುತ್ತವೆ ಎಂಬ ಮಾತಿಗೆ ಜಾಗ ಸಿಗುತ್ತದೆ. ‘ದ್ರವನ’, ‘ವಿಲೀನ’ ಎಂಬ ಎರಡು ಪದಗಳು ಏಕೆ ಬೇಕೆಂದು ಮಗುವಿಗೂ ಅನ್ನಿಸುತ್ತದೆ.

ಬೋಧನೆಯ ಕ್ರಮದ ಬಗ್ಗೆಯೂ ನನ್ನದೊಂದು ತಕರಾರು. ನಾವು ಮೊದಲು ರಚನೆಯ ಚಿತ್ರ ತೂಗುಹಾಕಿ ಆಮೇಲೆ ಗುಣಗಳನ್ನು ಹೇಳುತ್ತೇವೆ. ವಿಜ್ಞಾನ ನಡೆದದ್ದು ತಿರುವುಮುರುವಾಗಿ. ವಜ್ರವೂ ಇದ್ದಿಲಿನಂತೆ ಬರೀ ಕಾರ್ಬನ್ ಎಂದು ಸ್ಮಿತ್ಸನ್ ಟೆನೆಂಟ್ ತೋರಿಸಿದ್ದು 1797ರಲ್ಲಿ. ಬ್ರಾಗ್ ತಂದೆ–ಮಗ ಎಕ್ಸ್-ಕಿರಣಗಳಿಂದ ವಜ್ರದ ರಚನೆಯನ್ನು ಕಂಡದ್ದು 1913ರಲ್ಲಿ, ಬರ್ನಾಲ್ ಗ್ರಾಫೈಟ್‌ನದನ್ನು ಬಿಡಿಸಿದ್ದು 1924ರಲ್ಲಿ. ನೂರು ವರ್ಷಕ್ಕೂ ಮಿಕ್ಕಿ ಒಂದೇ ಪರಮಾಣುವಿನಿಂದ ಇಷ್ಟು ಬೇರೆ ವಸ್ತುಗಳು ಹೇಗಾದವು ಎಂಬುದು ಒಗಟಾಗಿಯೇ ಇತ್ತು. ನಮ್ಮ ಮಕ್ಕಳಿಗೆ ಆ ಒಗಟು ಒಂದು ಅವಧಿಯಾದರೂ ಇರಲಿ.

ಒಗಟು ಇದ್ದರೆ ಚಿತ್ರವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ವಜ್ರದಲ್ಲಿ ಪಕ್ಕಪಕ್ಕದ ಕಾರ್ಬನ್‌ಗಳ ಅಂತರ 154 ಪಿಕೋಮೀಟರ್. ಗ್ರಾಫೈಟ್ ಪದರದೊಳಗೆ 142, ಪದರದಿಂದ ಪದರಕ್ಕೆ 335. ಅಂದರೆ ‘ಮೃದು’ ಗ್ರಾಫೈಟ್‌ನ ಪದರದೊಳಗಿನ ಬಂಧ ವಜ್ರದ್ದಕ್ಕಿಂತ ಚಿಕ್ಕದು, ಹೆಚ್ಚು ಬಲವಾದದ್ದು! ಕಾಗದದ ಮೇಲೆ ಪೆನ್ಸಿಲ್ ಎಳೆದಾಗ ಜಾರುವುದು ಪದರಗಳು. ಲೋಹ ಕರಗಿಸುವ ಮೂಸೆಯನ್ನು ಗ್ರಾಫೈಟ್‌ನಿಂದ ಮಾಡಬಹುದಾದದ್ದು ಪದರದೊಳಗಿನ ಬಂಧಗಳ ಬಲದಿಂದ. ಪ್ರತಿ ಕಾರ್ಬನ್ ಮೂರು ನೆರೆಯವುಗಳನ್ನಷ್ಟೇ ಹಿಡಿದಿರುವುದರಿಂದ ಉಳಿದ ನಾಲ್ಕನೇ ಎಲೆಕ್ಟ್ರಾನ್ ಪದರದುದ್ದಕ್ಕೂ ಓಡಾಡುತ್ತದೆ, ವಿದ್ಯುತ್ ಹರಿಯುತ್ತದೆ. ಚಿತ್ರದಲ್ಲಿ ಪದರಗಳ ನಡುವೆ ಎಳೆದ ಚುಕ್ಕೆಗೆರೆಗಳು ಬಂಧಗಳಲ್ಲ ಎಂದು ಮಾತ್ರ ಬಾಯಿಬಿಟ್ಟು ಹೇಳಲೇಬೇಕು.

ಇದಕ್ಕೆಲ್ಲ 40 ನಿಮಿಷದಲ್ಲಿ ಸಮಯ ಎಲ್ಲಿದೆ, ಎಸ್‌ಎಸ್‌ಎಲ್‌ಸಿಯಲ್ಲಿ ಕೇಳುವುದು ವ್ಯತ್ಯಾಸ ಬರೆಯಿರಿ ಎಂದೇ ಅಲ್ಲವೇ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಕಾರಣ ತಿಳಿದ ಮಗು ವ್ಯತ್ಯಾಸವನ್ನೂ ಬರೆದೀತು, ಕೋಷ್ಟಕ ಉರು ಹೊಡೆದ ಮಗುವಿಗೆ ಕಾರಣ ಹೊಳೆಯದು. ಎಲ್ಲ ಗುಣಗಳಿಗೂ ಪ್ರೌಢಶಾಲೆಯಲ್ಲಿ ವಿವರಣೆ ಸಿಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ಪಾದರಸ ಕೊಠಡಿಯ ಉಷ್ಣತೆಯಲ್ಲಿ ದ್ರವವಾಗಿರುವುದನ್ನು ವಿವರಿಸಲು ಐನ್‌ಸ್ಟೈನ್‌ರ ಸಾಪೇಕ್ಷತೆಯನ್ನೇ ತರಬೇಕಾಗುತ್ತದೆ. ಅಲ್ಲಿ ‘ಇದಕ್ಕೆ ಇನ್ನೂ ಮುಂದೆ ಓದಬೇಕು’ ಎಂದರಾಯಿತು.

ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಧ್ವನಿ, ಕಪ್ಪುಹಲಗೆ ಬರಹ, ಉಪಕರಣ ಬಳಕೆ ಎಲ್ಲಕ್ಕೂ ಸಾಲುಗಳಿವೆ. ‘ಗುಣಕ್ಕೆ ಕಾರಣವನ್ನು ವಿದ್ಯಾರ್ಥಿಯಿಂದಲೇ ಹೊರಡಿಸಿದರೇ?’ ಎಂಬ ಒಂದು ಸಾಲನ್ನು ವಿಜ್ಞಾನ ವಿಧಾನದ ಉಪನ್ಯಾಸಕರು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಘಟಕ ಪರೀಕ್ಷೆಗೂ ಒಂದು ಪ್ರಶ್ನೆ ಇಲ್ಲಿದೆ: ಕಾರ್ಬನ್ ಮತ್ತು ಸಿಲಿಕಾನ್ ಒಂದೇ ಗುಂಪಿನವು, ಎರಡೂ ಎರಡೆರಡು ಆಕ್ಸಿಜನ್‌ಗಳ ಅನುಪಾತದಲ್ಲಿ ಡೈಆಕ್ಸೈಡ್ ಕೊಡುತ್ತವೆ, ಎರಡರಲ್ಲೂ ಬಂಧ ಸಹವೇಲೆನ್ಸಿಯವೇ. ಒಂದನ್ನು ನಾವು ಉಸಿರಿನಲ್ಲಿ ಬಿಡುತ್ತೇವೆ, ಇನ್ನೊಂದು ಹೊಳೆಯ ಮರಳು. ಹೀಗೇಕೆ? ‘ರಚನೆ’ ಎಂಬ ಪದ ಬಳಸದೆ ಐದು ವಾಕ್ಯಗಳಲ್ಲಿ ಉತ್ತರಿಸಿ.