ಗೃಹಸ್ಥರೊಡನೆ ಎರಡು ಮಾತು: ಇಮೇಲಿನ ಲಗ್ನಪತ್ರಿಕೆ

ಕಳೆದ ವೈಶಾಖದಲ್ಲಿ ನನ್ನ ಕಿರಿಯ ಮಗಳ ಲಗ್ನಪತ್ರಿಕೆಯನ್ನು ಎಚ್‌ಟಿಎಂಎಲ್ ಇಮೇಲಿನ ರೂಪದಲ್ಲಿ ಕಳುಹಿಸಿದೆವು. ದಿನ, ಮುಹೂರ್ತಗಳೆಲ್ಲವೂ ಚಿತ್ರದೊಳಗೇ ಇದ್ದುವು. ವೃದ್ಧರಾದ ನಮ್ಮ ಭಾವನವರ ಗಣಕವು ಅನುಮತಿಯಿಲ್ಲದೆ ಚಿತ್ರಗಳನ್ನು ತೋರಿಸದ ಕಾರಣ ಅವರಿಗೆ ಕಂಡುದು ಬರಿಯ ಚೌಕ. ಅವರು ಧಾರೆಗೆ ಬರಲಿಲ್ಲ. ತಪ್ಪು ನಮ್ಮದೇ; ಆ ನೋವು ಇನ್ನೂ ಆರಿಲ್ಲ.

ಮೂಲವೊಂದೇ ಆದರೂ ಭಾಷ್ಯಕಾರರು ಹಲವರಾದರೆ ಅರ್ಥಭೇದವಾಗುವಂತೆ, ಒಂದೇ ಪತ್ರವನ್ನು ಒಂದೊಂದು ತಂತ್ರಾಂಶವು ಒಂದೊಂದು ಬಗೆಯಾಗಿ ತೋರಿಸುವುದು. ವಿಂಡೋಸಿನ ಔಟ್‌ಲುಕ್ 2007ರ ಆವೃತ್ತಿಯಿಂದ ವರ್ಡ್ ತಂತ್ರಾಂಶದ ಮೂಲಕ ಪತ್ರವನ್ನು ತೋರಿಸತೊಡಗಿತು. ಆ ಪದ್ಧತಿಯು ಫ್ಲೆಕ್ಸ್‌ಬಾಕ್ಸ್ ಮುಂತಾದ ನೂತನ ವಿನ್ಯಾಸಗಳನ್ನರಿಯದು. ಜಿಮೇಲಾದರೋ ಸುಮಾರು 102 ಕಿಲೋಬೈಟ್ ಮೀರಿದ ಪತ್ರದ ಕೊನೆಯ ಭಾಗವನ್ನು ಮರೆಮಾಡುವುದು.

ಆದಕಾರಣ ವಿನ್ಯಾಸವನ್ನು ಟೇಬಲ್ಲುಗಳಿಂದ ಕಟ್ಟತಕ್ಕದ್ದು. ಅಗಲವು ಸುಮಾರು 600 ಪಿಕ್ಸೆಲ್ ಇರಲಿ. ಬಣ್ಣ, ಅಕ್ಷರಗಾತ್ರಗಳ ಸೂಚನೆಯನ್ನು ಆಯಾ ಟ್ಯಾಗಿನೊಳಗೇ ಬರೆಯತಕ್ಕದ್ದು. ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯವನ್ನೂ, ಪತ್ರದೊಡನೆ ಸಾದಾ ಅಕ್ಷರಗಳ ಪ್ರತಿಯನ್ನೂ ಇಡತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ದಿನ, ಮುಹೂರ್ತ, ಸ್ಥಳಗಳನ್ನು ಅಕ್ಷರಗಳಲ್ಲಿಯೇ ಬರೆಯಿರಿ. ಕಳುಹಿಸುವ ಮುನ್ನ ಎರಡು ಮೂರು ತಂತ್ರಾಂಶಗಳಲ್ಲಿ ತೆರೆದು ನೋಡಿರಿ. ಅಲಂಕಾರ ಕೆಟ್ಟರೂ ಕೆಡಲಿ. ಕರೆ ಮಾತ್ರ ನೆಂಟರನ್ನು ಮುಟ್ಟಬೇಕು.