ಗಲ್ಲಿಗೆ ಹಿಡಿಸುವ ದೋಣಿ

ದೋಣಿ ಕಟ್ಟುವವರು ಮೊದಲು ಕೊಳ್ಳುವುದು ಮರವನ್ನಲ್ಲ, ಕಾಗದವನ್ನು. ನಕ್ಷೆಗಳ ಆ ಕಟ್ಟಿನ ಬೆಲೆ ಒಟ್ಟು ಖರ್ಚಿನಲ್ಲಿ ಚಿಕ್ಕ ಪಾಲು, ಆದರೆ ಮುಂದಿನ ಖರ್ಚನ್ನೆಲ್ಲ ನಿರ್ಧರಿಸುವುದು ಅದೇ. ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಡಿನ ಮೊದಲ ಸಾಲು ಬರೆಯುವ ಮುನ್ನವೇ ಸೋತ ಪ್ರಾಜೆಕ್ಟುಗಳನ್ನು ನಾವೆಲ್ಲ ನೋಡಿದ್ದೇವೆ.

ಮುಖರ್ಜಿ ನಗರದಲ್ಲಿ ಕೂತು ದೋಣಿಯ ನಕ್ಷೆ ಹುಡುಕುತ್ತಿದ್ದೇನೆ ಎಂದರೆ ನಗುವವರೇ ಹೆಚ್ಚು. ಐಎಎಸ್ ಕೋಚಿಂಗ್, ಪಿಜಿ, ಜೆರಾಕ್ಸ್ ಅಂಗಡಿಗಳ ಬಡಾವಣೆಯಿದು. ಯಮುನೆ ಹತ್ತಿರವೇ ಇದ್ದಾಳೆ, ಆದರೆ ವಜೀರಾಬಾದಿನ ಕೆಳಗೆ ಅವಳ ಬಣ್ಣ ನೋಡಿದರೆ ಹಾಯಿ ಬಿಚ್ಚುವ ಮನಸ್ಸಾಗದು. ನನ್ನ ಲೆಕ್ಕ ಬೇರೆ: ಕಟ್ಟುವುದು ಇಲ್ಲಿ, ತೇಲಿಸುವುದು ಹೊನ್ನಾವರದಲ್ಲಿ, ಶರಾವತಿಯ ಅಳಿವೆಯಲ್ಲಿ. ನಡುವೆ ಸುಮಾರು ಎರಡು ಸಾವಿರ ಕಿಲೋಮೀಟರ್ ರಸ್ತೆ. ಹಾಗಾಗಿಯೇ ಟ್ರೇಲರ್ ಮೇಲೆ ಎಳೆದೊಯ್ಯಬಹುದಾದ ಟ್ರೈಮರಾನ್ ಬೇಕು.

ಕಾರವಾರ, ಗೋವಾ ಕಡೆಯ ಹಳೆಯ ಮೀನುದೋಣಿಗಳಿಗೆ ಒಂದು ಬದಿಯಲ್ಲಿ ತೇಲುಮರ ಕಟ್ಟಿರುವುದನ್ನು ನೀವು ನೋಡಿರಬಹುದು. ಎರಡೂ ಬದಿಗೆ ಚಿಕ್ಕ ದೋಣಿಯಂಥ ತೇಲುಗಳಿದ್ದರೆ ಅದು ಟ್ರೈಮರಾನ್. ತಳದಲ್ಲಿ ಸೀಸದ ಭಾರ ಬೇಡ, ಆದ್ದರಿಂದ ಹಗುರ. ಸ್ವಲ್ಪವೇ ನೀರು ಸಾಕು, ಆದ್ದರಿಂದ ನಮ್ಮ ಅಳಿವೆಗಳ ಮರಳುದಿಬ್ಬಗಳ ಮೇಲೂ ಸಾಗುತ್ತದೆ. ತೊಂದರೆ ಅಗಲದ್ದು. ಇಯಾನ್ ಫ್ಯಾರಿಯರ್ 1970ರ ದಶಕದಲ್ಲಿ ಇದಕ್ಕೆ ಉಪಾಯ ಕಂಡುಕೊಂಡರು: ಪಕ್ಕದ ತೇಲುಗಳನ್ನು ಒಳಕ್ಕೆ ಮಡಚುವುದು. ಅವರ ಎಫ್-27 ದೋಣಿ ನೀರಿನಲ್ಲಿ ಸುಮಾರು 19 ಅಡಿ ಅಗಲ, ಮಡಚಿದರೆ ಎಂಟೂವರೆ ಅಡಿಯೊಳಗೆ.

ಹೀಗಿರುವಾಗ ನಕ್ಷೆಯಲ್ಲಿ ಏನು ನೋಡಬೇಕು? ಎಲ್ಲರೂ ಮೊದಲು ಕೇಳುವುದು ವೇಗ. ನಾನು ಅದನ್ನು ಕೊನೆಗಿಟ್ಟಿದ್ದೇನೆ.

ಮೊದಲನೆಯದು ಜಾಗ. ಬುರಾಡಿ ಕಡೆ ಬಾಡಿಗೆಗೆ ನೋಡಿರುವ ಶೆಡ್ 24 ಅಡಿ ಉದ್ದ, 11 ಅಡಿ ಅಗಲ. ಹೊರಗಿನ ಗಲ್ಲಿ 9 ಅಡಿ. ಎರಡನೆಯದು ಸಾಮಗ್ರಿ. ಕೀರ್ತಿ ನಗರದಲ್ಲಿ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಕೇಳಬಹುದು, ಆದರೆ ನಕ್ಷೆ ಹೇಳುವ ದಪ್ಪವೇ ಸಿಗಬೇಕು. ದಪ್ಪದ ಹಲಗೆ ಹಾಕಿದರೆ ಗಟ್ಟಿಯಾಗುತ್ತದೆ ನಿಜ, ಭಾರವೂ ಆಗುತ್ತದೆ. ಟ್ರೈಮರಾನಿಗೆ ಭಾರವೇ ಶತ್ರು. ಮೂರನೆಯದು ಸಮಯ. ಸಾವಿರ ಗಂಟೆಯ ಕೆಲಸ ಎಂದರೆ ವಾರಕ್ಕೆ ಎಂಟು ಗಂಟೆಯಂತೆ ಸುಮಾರು ಎರಡೂವರೆ ವರ್ಷ. ಅದರಲ್ಲಿ ದೆಹಲಿಯ ಜನವರಿಯನ್ನು ಕಳೆಯಿರಿ, ಆ ಚಳಿಗೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮಗಳಿಗೆ ಈಗ ಒಂಬತ್ತು. ಆಯ್ಕೆ ಕೆಟ್ಟರೆ ಹೋಗುವುದು ನಕ್ಷೆಯ ದುಡ್ಡಲ್ಲ, ಅವಳು ಅಪ್ಪನ ಜೊತೆ ದೋಣಿ ಹತ್ತಲು ಇಷ್ಟಪಡುವ ವರ್ಷಗಳು.

ನಕ್ಷೆಯ ವಿಷಯದಲ್ಲಿ ನೆನಪಾಗುವುದು ನಮ್ಮ ಮುಂಬಯಿಯಲ್ಲೇ ಹುಟ್ಟಿದ 'ಸುಹೈಲಿ'. 1960ರ ದಶಕದಲ್ಲಿ ಹಡಗಿನ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಇಂಗ್ಲೆಂಡಿನಿಂದ ನಕ್ಷೆ ತರಿಸಿದರು. ಬಂದದ್ದು ಅವರು ಬಯಸಿದ್ದಲ್ಲ, ಹಳೆಯ ಕಾಲದ, ನಿಧಾನದ, ಗಟ್ಟಿಮುಟ್ಟಾದ ವಿನ್ಯಾಸ. ಅದನ್ನೇ ಇಲ್ಲಿನ ಬಡಗಿಗಳು ತೇಗದಲ್ಲಿ ಕಟ್ಟಿದರು. 1968–69ರಲ್ಲಿ ಆ 32 ಅಡಿಯ ದೋಣಿಯಲ್ಲಿ ಅವರು ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲಿಗರಾದರು. ಒಂಬತ್ತು ಜನ ಹೊರಟ ಸ್ಪರ್ಧೆಯಲ್ಲಿ ಮುಗಿಸಿದ್ದು ಅವರೊಬ್ಬರೇ.

ಅದೇ ಸ್ಪರ್ಧೆಯಲ್ಲಿ ಎರಡು ಟ್ರೈಮರಾನುಗಳಿದ್ದವು, ಎರಡೂ ಆರ್ಥರ್ ಪೈವರ್ ಅವರ 'ವಿಕ್ಟ್ರೆಸ್' ವಿನ್ಯಾಸ. ಸುಹೈಲಿಗಿಂತ ವೇಗದವು. ನೈಜಲ್ ಟೆಟ್ಲಿಯವರದು ಕೊನೆಯ ಹಂತದಲ್ಲಿ ಅಟ್ಲಾಂಟಿಕ್‌ನಲ್ಲಿ ಒಡೆದು ಮುಳುಗಿತು, ಅವರು ಬದುಕಿದರು. ಡೊನಾಲ್ಡ್ ಕ್ರೌಹರ್ಸ್ಟ್ ಇಲೆಕ್ಟ್ರಾನಿಕ್ಸ್ ಉದ್ಯಮಿ. ಗಡುವಿನ ತರಾತುರಿಯಲ್ಲಿ, ನಕ್ಷೆಯನ್ನು ತನಗೆ ಬೇಕಾದಂತೆ ಬದಲಿಸಿ ಕಟ್ಟಿಸಿದರು. ಮಗುಚಿದರೆ ದೋಣಿಯನ್ನು ಎತ್ತಿ ನಿಲ್ಲಿಸುವ ವ್ಯವಸ್ಥೆಗೆ ಕಂಪ್ಯೂಟರ್ ಇರಬೇಕಿತ್ತು. ತಂತಿಗಳನ್ನು ಎಳೆದಿದ್ದರು, ಕಂಪ್ಯೂಟರ್ ಸಿದ್ಧವಾಗಲೇ ಇಲ್ಲ. ಕೊನೆಗೆ ಖಾಲಿ ದೋಣಿ ಸಿಕ್ಕಿತು, ಅವರು ಸಿಗಲಿಲ್ಲ.

ಇದರಿಂದ ಟ್ರೈಮರಾನ್ ಕೆಟ್ಟದ್ದು ಎಂದು ತಿಳಿಯಬೇಡಿ. ಯಾವ ನೀರಿಗಾಗಿ ಬರೆದ ನಕ್ಷೆಯೋ ಅದನ್ನು ಅಲ್ಲೇ ಬಳಸಬೇಕು, ಬರೆದಂತೆಯೇ ಕಟ್ಟಬೇಕು. ಕ್ಯಾಬಿನ್ ಬೇಕು, ಇಂಜಿನ್ ದೊಡ್ಡದಿರಲಿ ಎಂದು ನೀವು ಸೇರಿಸಲು ಹೊರಟರೆ, ಆರಿಸಿದ್ದು ತಪ್ಪು ನಕ್ಷೆ ಎಂದೇ ಅರ್ಥ.

ನನ್ನ ಒಲವು ಜಾನ್ ಮಾರ್ಪಲ್ಸ್ ಅವರ 'ಸೀಕ್ಲಿಪ್ಪರ್ 16' ಕಡೆಗೆ. ಹದಿನಾರು ಅಡಿ, ಪ್ಲೈವುಡ್, ಭಾಗಗಳನ್ನು ಕಳಚಿ ಟ್ರೇಲರಿಗೆ ಹೇರಬಹುದು. ಕ್ಯಾಬಿನ್ ಇಲ್ಲ, ಮಲಗಲು ಹೊನ್ನಾವರದಲ್ಲಿ ಮನೆಯಿದೆ.

ನಿಮ್ಮಲ್ಲೂ ಯಾರಿಗಾದರೂ ಈ ಹುಚ್ಚಿದ್ದರೆ ಒಂದು ಮಾತು: ನಕ್ಷೆಗೆ ದುಡ್ಡು ಕಟ್ಟುವ ಮೊದಲು ಸೀಮೆಸುಣ್ಣ ಹಿಡಿದು ಶೆಡ್ಡಿನ ನೆಲದ ಮೇಲೆ ದೋಣಿಯನ್ನು ಪೂರ್ಣ ಅಳತೆಯಲ್ಲಿ ಬರೆಯಿರಿ. ಆಮೇಲೆ ಸುತ್ತಲೂ ನಡೆದು ನೋಡಿ. ಗೋಡೆ ಮೈಗೆ ತಾಗಿದರೆ ಇನ್ನೊಂದು ನಕ್ಷೆ ಹುಡುಕಿ.