ಮಸ್ಟಾಂಗ್‌ಗೆ ಇನ್ನೆರಡು ಬಾಗಿಲು?

ಫೋರ್ಡ್ ಮಸ್ಟಾಂಗ್‌ನ ಹಿಂದಿನ ಸೀಟಿಗೆ ಹೋಗಬೇಕೆಂದರೆ ಮೊದಲು ಮುಂದಿನ ಸೀಟನ್ನು ಬಗ್ಗಿಸಬೇಕು, ಆಮೇಲೆ ಕೂರುವವರು ಬಗ್ಗಬೇಕು. ಹಾಗೂ ಹೀಗೂ ಒಳಗೆ ನುಸುಳಿದರೆ ಕಾಲು ಚಾಚಲು ಸಿಗುವುದು 29 ಇಂಚು. ತಲೆಗೆ ಇಳಿಜಾರಿನ ಗಾಜು ತಾಗುತ್ತದೆ. 1964ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಈ ಕಾರು ತೆರೆ ಕಂಡಾಗಿನಿಂದ ಅಮೆರಿಕನ್ನರು ಈ ಕಷ್ಟವನ್ನು ಪ್ರೀತಿಯಿಂದಲೇ ಸಹಿಸಿಕೊಂಡು ಬಂದಿದ್ದಾರೆ. ಮಗು ಹುಟ್ಟಿದ ಮೇಲೆ ಮಾತ್ರ ಅನೇಕರು ಅದನ್ನು ಮಾರಿಬಿಡುತ್ತಾರೆ.

ಆ ಗಿರಾಕಿಗಳನ್ನು ಉಳಿಸಿಕೊಳ್ಳಲು ಫೋರ್ಡ್ ನಾಲ್ಕು ಬಾಗಿಲಿನ ಮಸ್ಟಾಂಗ್ ತರುತ್ತದೆಯೇ ಎಂಬ ಊಹಾಪೋಹಕ್ಕೆ ಈಗ ರೆಕ್ಕೆಪುಕ್ಕ ಬಂದಿದೆ. ಅದಕ್ಕೆ ಕಾರಣ ಕಂಪನಿಯ ಮುಖ್ಯಸ್ಥ ಜಿಮ್ ಫಾರ್ಲಿ ಅವರೇ. 2024ರಲ್ಲಿ ಬ್ರಿಟನ್ನಿನ 'ಆಟೋಕಾರ್' ಪತ್ರಿಕೆಯೊಂದಿಗೆ ಮಾತನಾಡುತ್ತಾ, ವೇಗ ಮತ್ತು ಗತ್ತು ಉಳಿಯುವುದಾದರೆ ನಾಲ್ಕು ಬಾಗಿಲಿನ ರೂಪವೂ ಸಾಧ್ಯ ಎಂಬರ್ಥದಲ್ಲಿ ಹೇಳಿದರು. ಮಾಡುತ್ತೇವೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಮಾತು ಸಾಕಾಯಿತು. ಡೀಲರ್‌ಗಳಿಗೆ ಅಂಥದೊಂದು ಕಾರಿನ ಚಿತ್ರ ತೋರಿಸಲಾಗಿದೆ ಎಂದು ಅಮೆರಿಕದ ಪತ್ರಿಕೆಗಳು ಬರೆದವು.

ಅಭಿಮಾನಿಗಳು ಕೆರಳಿದ್ದಾರೆ. ಮಸ್ಟಾಂಗ್ ಎಂದರೆ ಎರಡೇ ಬಾಗಿಲು, ಮೂರನೆಯದು ಬಂದರೆ ಮೈಲಿಗೆ ಎಂಬುದು ಅವರ ವಾದ. ಈ ಮಡಿವಂತಿಕೆಗೆ ಚರಿತ್ರೆಯ ಬೆಂಬಲ ಅಷ್ಟಾಗಿ ಇಲ್ಲ. ಮೊದಲ ಮಸ್ಟಾಂಗ್ ಹುಟ್ಟಿದ್ದೇ 'ಫಾಲ್ಕನ್' ಎಂಬ ಸಾಧಾರಣ ಸಂಸಾರಸ್ಥರ ಕಾರಿನ ತಳಪಾಯದ ಮೇಲೆ. ಅಷ್ಟೇ ಅಲ್ಲ, ಅರವತ್ತರ ದಶಕದ ಆರಂಭದಲ್ಲೇ ಫೋರ್ಡ್ ವಿನ್ಯಾಸಕಾರರು ಜೇಡಿಮಣ್ಣಿನಲ್ಲಿ ನಾಲ್ಕು ಬಾಗಿಲಿನ ಮಸ್ಟಾಂಗ್ ಮಾಡಿ ನೋಡಿದ್ದರು. ಅದರ ಫೋಟೊ ಕಂಪನಿಯ ದಾಖಲೆಗಳಲ್ಲಿ ಇಂದಿಗೂ ಇದೆ. ನೋಡಲು ಕೆಟ್ಟದಾಗೇನೂ ಇಲ್ಲ.

ಫೋರ್ಡ್ ಓದಬೇಕಾದ ನಿಜವಾದ ಪಾಠ ಇರುವುದು ಪಕ್ಕದ ಮನೆಯಲ್ಲಿ. 1966ರಲ್ಲಿ ಬಂದ ಡಾಡ್ಜ್ ಚಾರ್ಜರ್ ಕೂಡ ಎರಡು ಬಾಗಿಲಿನದೇ. 2005ರಲ್ಲಿ ಆ ಹೆಸರಿಗೆ ಮತ್ತೆ ಜೀವ ಕೊಟ್ಟಾಗ ಡಾಡ್ಜ್ ಅದನ್ನು ನಾಲ್ಕು ಬಾಗಿಲಿನ ಸೆಡಾನ್ ಮಾಡಿಬಿಟ್ಟಿತು. ಹಳಬರು ಶಪಿಸಿದರು. ಪೊಲೀಸರು ಮಾತ್ರ ಮುಗಿಬಿದ್ದರು. ಹೆದ್ದಾರಿಯಲ್ಲಿ ಕನ್ನಡಿಯೊಳಗೆ ಚಾರ್ಜರ್‌ನ ಮೂತಿ ಕಂಡರೆ ಅಮೆರಿಕನ್ ಚಾಲಕರ ಕಾಲು ತಾನಾಗಿಯೇ ಬ್ರೇಕಿಗೆ ಹೋಗುವಂತಾಯಿತು. 2014ರಲ್ಲಿ ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಿದ 6.2 ಲೀಟರ್ ವಿ8 ಎಂಜಿನ್ ಇಟ್ಟು 'ಹೆಲ್‌ಕ್ಯಾಟ್' ಎಂದು ಹೆಸರಿಟ್ಟರು. 707 ಅಶ್ವಶಕ್ತಿ! ಹಿಂದೆ ಮಗುವಿನ ಸೀಟು ಕಟ್ಟಿಕೊಂಡು ಗಂಟೆಗೆ 300 ಕಿಲೋಮೀಟರ್ ದಾಟಬಲ್ಲ ಸೆಡಾನ್ ಅದು. ಹಾಗೆ ದಾಟಬೇಕೇ ಎಂಬುದು ಬೇರೆ ಪ್ರಶ್ನೆ. 2021ರಲ್ಲಿ ಅಮೆರಿಕದಲ್ಲಿ 78 ಸಾವಿರ ಚಾರ್ಜರ್ ಮಾರಾಟವಾದವು. ಅದೇ ಕಂಪನಿಯ ಎರಡು ಬಾಗಿಲಿನ ಚಾಲೆಂಜರ್ ಮಾರಿದ್ದು 54 ಸಾವಿರ. ಹೊಸ ಪೀಳಿಗೆಯ ಚಾರ್ಜರ್ ಈಗ ಎರಡೂ ರೂಪಗಳಲ್ಲಿ ಬಂದಿದೆ.

ಹಾಗೆಂದು ಬಾಗಿಲು ಹೆಚ್ಚಿಸಿದ ಮಾತ್ರಕ್ಕೆ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಷೆವರ್ಲೆ ಆಸ್ಟ್ರೇಲಿಯಾದ ಹೋಲ್ಡನ್ ಕಾರಿಗೆ ತನ್ನ ಬಿಲ್ಲೆ ಅಂಟಿಸಿ 'ಎಸ್‌ಎಸ್' ಎಂದು ಅಮೆರಿಕಕ್ಕೆ ತಂದಿತ್ತು. 415 ಅಶ್ವಶಕ್ತಿಯ, ಓಡಿಸಿದವರೆಲ್ಲ ಹೊಗಳಿದ ಕಾರು. ಆದರೆ ನೋಡಲು ಕಚೇರಿಗೆ ಹೋಗುವ ಮಾಮೂಲಿ ಕಾರಿನಂತಿತ್ತು, ಜಾಹೀರಾತು ಇಲ್ಲವೇ ಇಲ್ಲ ಎನ್ನಬೇಕು. 2017ರಲ್ಲಿ ಆಸ್ಟ್ರೇಲಿಯಾದ ಕಾರ್ಖಾನೆಯೊಂದಿಗೆ ಅದೂ ಮುಚ್ಚಿಹೋಯಿತು.

ಯುರೋಪಿನವರು ಈ ಚರ್ಚೆಯನ್ನು ಎಂದೋ ಮುಗಿಸಿದ್ದಾರೆ. ಪೋರ್ಷೆ 2009ರಲ್ಲಿ ಪನಮೇರಾ ತಂದಿತು. 1980ರಲ್ಲಿ ಪಿನಿನ್‌ಫರಿನಾ ಮಾಡಿ ತೋರಿಸಿದ ನಾಲ್ಕು ಬಾಗಿಲಿನ ಕಾರನ್ನು ತಯಾರಿಕೆಗೆ ಒಯ್ಯದ ಫೆರಾರಿ ಕೂಡ 2022ರಲ್ಲಿ 'ಪುರೊಸಾಂಗ್ವೆ' ಬಿಡುಗಡೆ ಮಾಡಿ ಮಡಿ ಬಿಟ್ಟಿತು.

ಫೋರ್ಡ್‌ಗೆ ಅಡ್ಡಿಯಾಗಿರುವುದು ಸಂಪ್ರದಾಯಕ್ಕಿಂತ ಲೆಕ್ಕಾಚಾರ. 1966ರಲ್ಲಿ ಆರು ಲಕ್ಷ ದಾಟಿದ್ದ ಮಸ್ಟಾಂಗ್ ಮಾರಾಟ 2024ರಲ್ಲಿ ಅಮೆರಿಕದಲ್ಲಿ 44 ಸಾವಿರಕ್ಕೆ ಇಳಿದಿದೆ. ಬದ್ಧವೈರಿ ಷೆವರ್ಲೆ ಕಮಾರೊ 2023ರ ಕೊನೆಯಲ್ಲಿ ಕಣ್ಣುಮುಚ್ಚಿದರೂ ಆ ಗಿರಾಕಿಗಳೆಲ್ಲ ಇತ್ತ ಬರಲಿಲ್ಲ. ಎರಡು ಬಾಗಿಲು ಜಾಸ್ತಿ ಮಾಡುವುದೆಂದರೆ ಹೊಸ ಕಬ್ಬಿಣದ ಹಾಳೆ ಬೆಸೆಯುವಷ್ಟು ಸುಲಭವಲ್ಲ: ಗಾಲಿಗಳ ನಡುವಿನ ಅಂತರ ಹೆಚ್ಚಬೇಕು, ನಡುವೆ ಗಟ್ಟಿ ಕಂಬ ಬರಬೇಕು, ಚಾವಣಿ ಏರಬೇಕು, ತೂಕ ಕೂಡುತ್ತದೆ, ಢಿಕ್ಕಿ ಪರೀಕ್ಷೆಗಳು ಮೊದಲಿನಿಂದ ಶುರು. ಇಷ್ಟು ಖರ್ಚನ್ನು 44 ಸಾವಿರ ಕಾರಿನ ವ್ಯಾಪಾರ ಹೊರಬೇಕು. ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಮಸ್ಟಾಂಗ್ ತಯಾರಾಗುವ ಫ್ಲ್ಯಾಟ್ ರಾಕ್ ಕಾರ್ಖಾನೆ ತುಂಬಿಸಲು ಇದಕ್ಕಿಂತ ಹತ್ತಿರದ ದಾರಿಯೂ ಕಾಣುವುದಿಲ್ಲ.

ಹೆಸರು ಕೆಡುತ್ತದೆ ಎನ್ನುವವರಿಗೆ ಒಂದು ಮಾತು. 2019ರಲ್ಲೇ ಫೋರ್ಡ್ ತನ್ನ ವಿದ್ಯುತ್ ಎಸ್‌ಯುವಿಗೆ 'ಮಸ್ಟಾಂಗ್ ಮ್ಯಾಕ್-ಇ' ಎಂದು ನಾಮಕರಣ ಮಾಡಿದೆ. ನಾಲ್ಕು ಬಾಗಿಲಿನ ಆ ಗಾಡಿ 2024ರಲ್ಲಿ ಅಸಲಿ ಮಸ್ಟಾಂಗ್‌ಗಿಂತ ಹೆಚ್ಚೇ ಮಾರಾಟವಾಗಿದೆ. ಅದರ ಮುಂದೆ ವಿ8 ಗುಡುಗುವ ಸೆಡಾನ್ ಎಷ್ಟೋ ಹೆಚ್ಚು ಕುಲೀನ.

ಭಾರತದವರು ಆಸೆಪಡುವಂತಿಲ್ಲ. ಬಲಬದಿಯ ಸ್ಟಿಯರಿಂಗ್ ಇರುವ ಮಸ್ಟಾಂಗ್ 2016ರಲ್ಲಿ 65 ಲಕ್ಷ ರೂಪಾಯಿಗೆ ಇಲ್ಲಿಗೂ ಬಂದಿತ್ತು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು.

ಅಮೆರಿಕದಲ್ಲಾದರೂ ಈ ಕಾರು ಬರುತ್ತದೆ ಎಂಬ ಕಡೆಗೇ ತಕ್ಕಡಿ ವಾಲುತ್ತಿದೆ. ಅದರೊಳಗೆ ವಿ8 ಇರಬೇಕು, ಬೆಲೆ ಈಗಿನ ಮಸ್ಟಾಂಗ್ ಜಿಟಿಗಿಂತ ಬಹಳ ಏರಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಷೆವರ್ಲೆ ಎಸ್‌ಎಸ್‌ನ ಗತಿಯೇ. ತಡಮಾಡಲು ಮಾತ್ರ ಕಾರಣವಿಲ್ಲ. 2020ರಲ್ಲಿ ಫ್ಯೂಷನ್ ಸೆಡಾನ್‌ನ ತಯಾರಿಕೆ ನಿಲ್ಲಿಸಿದ ಫೋರ್ಡ್ ಬಳಿ, ಅಮೆರಿಕದ ಗಿರಾಕಿ ಶೋರೂಮಿಗೆ ಬಂದು ಸೆಡಾನ್ ಕೇಳಿದರೆ ತೋರಿಸಲು ಇಂದು ಒಂದೂ ಇಲ್ಲ.